ಕುದುರೆಗಳ ಭೂಶಿರದಲ್ಲಿ ಒಂದು ದಿನ

ಕೊಳೆರೋಗ, ಬಿಳಿ ಕಾಂಡಕೊರಕ, ಬೋರ್ಡೋ ದ್ರಾವಣದ ಅಳತೆ, ಧಾರಣೆ, ಮಹಾಸಭೆಯ ಸೂಚನಾಪತ್ರ – ಇವುಗಳಿಗೇ ಜಾಗ ಸಾಲದ ನಮ್ಮ ಸಂಘದ ಪತ್ರಿಕೆಯಲ್ಲಿ ಕುದುರೆಗೇನು ಕೆಲಸ ಎಂದು ಸದಸ್ಯ ಬಾಂಧವರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಪ್ರವಾಸ ಕಥನ ಬರೆದು ಸಂಘದ ಕಾಗದ ಖರ್ಚು ಮಾಡುವ ಉದ್ದೇಶ ನಮಗೂ ಇರಲಿಲ್ಲ. ಆದರೆ ಕಳೆದ ಏಪ್ರಿಲಿನಲ್ಲಿ ಜಪಾನ್ ದೇಶದ ಒಂದು ಗುಡ್ಡದ ಮೇಲೆ ಕುಳಿತು ಕಂಡು ಕೇಳಿದ ಸಂಗತಿಯೊಂದು ಊರಿಗೆ ಮರಳಿದ ಮೇಲೂ ನಮ್ಮನ್ನು ಬಿಡಲಿಲ್ಲ. ಅದು ಕುದುರೆಯಿಂದ ಶುರುವಾಗಿ ಕೊನೆಗೆ ನಮ್ಮ ಸೊಪ್ಪಿನಬೆಟ್ಟಕ್ಕೇ ಬಂದು ನಿಲ್ಲುತ್ತದೆ. ಆದ್ದರಿಂದ ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ವಿನಂತಿ.

ಹೊರಟದ್ದು

ನಮ್ಮ ಮಗಳು ಮತ್ತು ಅಳಿಯ ಜಪಾನಿನ ಕ್ಯೂಶು ದ್ವೀಪದ ಮಿಯಾಜಾಕಿ ಎಂಬ ಊರಿನಲ್ಲಿ ಉದ್ಯೋಗದಲ್ಲಿದ್ದಾರೆ. 'ಅಪ್ಪಯ್ಯ, ಒಂದು ಸಲ ಬನ್ನಿ' ಎಂದು ಮಗಳು ಕರೆಯುತ್ತಲೇ ಇದ್ದಳು. ಕೊಯ್ಲು, ಮಳೆ, ಔಷಧಿ, ಲೆಕ್ಕ ಪರಿಶೋಧನೆ ಎಂದು ನಾವು ಮುಂದೂಡುತ್ತಲೇ ಇದ್ದೆವು. ಈ ಸಲ ಹೂ ಮಳೆ ಸಕಾಲಕ್ಕೆ ಬಂತು, ರೋಬಸ್ಟಾ ಕಾಯಿ ಕಟ್ಟಿತು, ಇನ್ನು ನೆಪ ಉಳಿಯಲಿಲ್ಲ. ಗುಮಾಸ್ತರಿಗೆ ಬೀಗದ ಕೈ ಕೊಟ್ಟು, ನಮ್ಮ ಮನೆಯವರೊಡನೆ ವಿಮಾನ ಹತ್ತಿದೆವು. ಪೆಟ್ಟಿಗೆಯಲ್ಲಿ ನಮ್ಮದೇ ತೋಟದ ಕಾಫಿಪುಡಿ ನಾಲ್ಕು ಸೇರು, ಉಪ್ಪಿನಕಾಯಿ, ಹಪ್ಪಳ, ಚಕ್ಕುಲಿ. ಬಟ್ಟೆಗಳಿಗೆ ಜಾಗ ಉಳಿದದ್ದೇ ಆಶ್ಚರ್ಯ.

ಮಿಯಾಜಾಕಿಯಿಂದ ದಕ್ಷಿಣಕ್ಕೆ ಕಾರಿನಲ್ಲಿ ಎರಡು ಗಂಟೆ ಹೋದರೆ ತೊಯಿ ಮಿಸಾಕಿ ಎಂಬ ಭೂಶಿರ ಸಿಗುತ್ತದೆ. ಮಿಸಾಕಿ ಎಂದರೆ ಭೂಶಿರವೆಂದೇ ಅರ್ಥ. ಅಲ್ಲಿ ಕುದುರೆಗಳು ಲಾಯವಿಲ್ಲದೆ, ಲಗಾಮಿಲ್ಲದೆ, ಜಿಂಕೆಗಳ ಹಾಗೆ ಬದುಕಿವೆಯೆಂದು ಏಳು ವರ್ಷದ ನಮ್ಮ ಮೊಮ್ಮಗನಿಗೆ ಶಾಲೆಯಲ್ಲಿ ಹೇಳಿದ್ದರು. ಅವನ ಹಟಕ್ಕೆ ಒಂದು ಭಾನುವಾರ ಗೊತ್ತಾಯಿತು. ನಮ್ಮ ಮನೆಯವರು ಮುಂಜಾನೆ ಎದ್ದು ಚಿತ್ರಾನ್ನ, ಮೊಸರನ್ನ ಕಟ್ಟಿದರು. ನಾವು ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಸಿ, ಹಾಲು ಬೆರೆಸಿ, ಎರಡು ಫ್ಲಾಸ್ಕು ತುಂಬಿದೆವು. ಐದು ಜನ, ಒಂದು ಪುಟ್ಟ ಕಾರು, ನಡುವೆ ಊಟದ ಚೀಲ. ಅಲ್ಲಿಯೂ ನಮ್ಮಲ್ಲಿಯಂತೆ ರಸ್ತೆಯ ಎಡಬದಿಗೇ ವಾಹನ ಓಡಿಸುವುದರಿಂದ ನಮಗೆ ತಲೆ ತಿರುಗಲಿಲ್ಲ.

ದಾರಿಯುದ್ದಕ್ಕೂ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಬೆಟ್ಟ. ಅಓಶಿಮಾ ಎಂಬಲ್ಲಿ ಕಡಲಂಚಿನ ಬಂಡೆಗಳು ನೇಗಿಲು ಹೊಡೆದ ಗದ್ದೆಯ ಸಾಲಿನಂತೆ ಉದ್ದಕ್ಕೂ ಏಣು ಏಣಾಗಿವೆ. ಮೆತ್ತನೆಯ ಪದರವನ್ನು ಅಲೆ ತಿಂದು ಗಟ್ಟಿ ಪದರವನ್ನು ಉಳಿಸಿದ್ದರ ಫಲ. ಊರವರು ಅದಕ್ಕೆ ದೆವ್ವ ಬಟ್ಟೆ ಒಗೆಯುವ ಹಲಗೆ ಎಂದು ಹೆಸರಿಟ್ಟಿದ್ದಾರೆ. ಬೆಟ್ಟದ ಬದಿಯಲ್ಲಿ ಸುಗಿ ಎಂಬ ಮರದ ನೆಡುತೋಪುಗಳು, ಸಾಲಿಗೆ ಸಾಲು. ಆ ಮರ ಹಿಂದಿನ ಕಾಲದಲ್ಲಿ ದೋಣಿ ಕಟ್ಟುವುದಕ್ಕೆ ಹೆಸರಾಗಿತ್ತು.

ಗೆಣಸಿನ ಊರು, ಮಂಗಗಳ ದ್ವೀಪ

ಭೂಶಿರ ಇರುವುದು ಕುಶಿಮಾ ಎಂಬ ಪುರಸಭೆಯ ವ್ಯಾಪ್ತಿಯಲ್ಲಿ. ಊರು ಸಮೀಪಿಸುತ್ತಿದ್ದಂತೆ ಹೊಲಗಳಲ್ಲಿ ಪ್ಲಾಸ್ಟಿಕ್ ಹೊದಿಸಿದ ಏರಿಗಳು ಕಂಡವು. ಅದು ಸಿಹಿಗೆಣಸು. ಬೇಸಾಯಗಾರನ ಕಣ್ಣು ಬೇಸಾಯವನ್ನೇ ಹುಡುಕುವುದರಿಂದ ನಾವು ಕಾರು ನಿಲ್ಲಿಸಿ ಇಳಿದೆವು. ಬೇಲಿಯಾಚೆ ಮುದುಕ ದಂಪತಿಗಳು ಬಳ್ಳಿಯ ತುಂಡುಗಳನ್ನು ಒಂದೊಂದಾಗಿ ಊರುತ್ತಿದ್ದರು. ಗೆಣಸೇ ಆ ಸೀಮೆಯ ಜೀವನಾಧಾರ. 2018ರಲ್ಲಿ ಅದಕ್ಕೆ ಒಂದು ಬುಡಕೊಳೆ ರೋಗ ಜಪಾನಿನಲ್ಲಿ ಮೊದಲ ಸಲ ಪತ್ತೆಯಾಯಿತು. ದಕ್ಷಿಣ ಕ್ಯೂಶುವಿನ ಬೆಳೆಗಾರರಿಗೆ ಅಂದಿನಿಂದ ಅದರದೇ ಚಿಂತೆ. ರೋಗವಿಲ್ಲದ ಬಳ್ಳಿ ಹುಡುಕಬೇಕು, ಕೊಳೆತ ಗಿಡ ಕಿತ್ತು ಹೊರಗೆ ಹಾಕಬೇಕು, ನೀರು ನಿಲ್ಲದಂತೆ ಬಸಿಗಾಲುವೆ ತೆಗೆಯಬೇಕು. ಅಡಿಕೆಯ ಕೊಳೆಯನ್ನೂ ಎಲೆಚುಕ್ಕೆಯನ್ನೂ ಕಂಡ ನಮಗೆ ಆ ಪಟ್ಟಿ ಕೇಳಿ, ದೇಶ ಬೇರೆಯಾದರೂ ಬಸಿಗಾಲುವೆ ಒಂದೇ ಎನ್ನಿಸಿತು.

ಇದೇ ಕರಾವಳಿಯಲ್ಲಿ, ದಡಕ್ಕೆ ಅತಿ ಸಮೀಪದಲ್ಲಿ ಕೋಶಿಮಾ ಎಂಬ ಪುಟ್ಟ ದ್ವೀಪವಿದೆ. ಅಲ್ಲಿ ಕಾಡು ಮಂಗಗಳ ವಾಸ. 1953ರಲ್ಲಿ ಅಲ್ಲಿಯ ಒಂದು ಎಳೆಯ ಹೆಣ್ಣು ಮಂಗ, ಮರಳು ಹತ್ತಿದ ಗೆಣಸನ್ನು ನೀರಿನಲ್ಲಿ ತೊಳೆದು ತಿಂದಿತು. ನೋಡನೋಡುತ್ತ ಅದರ ತಾಯಿ, ಜೊತೆಗಾರರು, ಕೆಲವು ವರ್ಷಗಳಲ್ಲಿ ಗುಂಪಿನ ಬಹುಪಾಲು ಮಂಗಗಳು ಅದನ್ನು ಕಲಿತವು. ಮುದಿ ಗಂಡುಗಳು ಮಾತ್ರ ಕಲಿಯಲಿಲ್ಲವಂತೆ! ಇದನ್ನು ದಾಖಲಿಸಿದವರು ಕ್ಯೋತೊ ವಿಶ್ವವಿದ್ಯಾಲಯದ ಇಮಾನಿಶಿ ಕಿಂಜಿಯವರ ಶಿಷ್ಯವರ್ಗ. ಸ್ವಾರಸ್ಯವೆಂದರೆ ಇಮಾನಿಶಿಯವರು 1948ರಲ್ಲಿ ಈ ಸೀಮೆಗೆ ಬಂದದ್ದು ಮಂಗಗಳಿಗಾಗಿ ಅಲ್ಲ, ತೊಯಿ ಭೂಶಿರದ ಕುದುರೆಗಳನ್ನು ಅಭ್ಯಾಸ ಮಾಡಲು. ಕುದುರೆ ನೋಡಲು ಬಂದವರ ಕಣ್ಣಿಗೆ ಮಂಗ ಬಿತ್ತು, ಅಲ್ಲಿಂದ ಒಂದು ಶಾಸ್ತ್ರವೇ ಬೆಳೆಯಿತು. ಅದೇ ಪರಂಪರೆಯ ಸುಗಿಯಾಮಾ ಯುಕಿಮಾರು ಎಂಬ ವಿದ್ವಾಂಸರು 1961ರಿಂದ ನಮ್ಮ ಧಾರವಾಡದ ಸುತ್ತಿನ ಮುಸುವಗಳನ್ನು ಅಭ್ಯಾಸ ಮಾಡಿದರು. ಹೊಸ ಗಂಡು ಗುಂಪನ್ನು ಗೆದ್ದಾಗ ಹಿಂದಿನದರ ಮರಿಗಳನ್ನು ಕೊಲ್ಲುತ್ತದೆ ಎಂಬುದನ್ನು ಲೋಕಕ್ಕೆ ತಿಳಿಸಿದವರು ಅವರು. ಮಂಗಗಳ ಕಾಟದಿಂದ ಏಲಕ್ಕಿ, ಬಾಳೆ ಬೆಳೆಯುವುದನ್ನೇ ಬಿಟ್ಟ ನಮ್ಮ ಸದಸ್ಯರು ಈ ಶಾಸ್ತ್ರಕ್ಕೆ ಎಷ್ಟು ಮರುಳಾಗುತ್ತಾರೋ ತಿಳಿಯದು. ಧಾರವಾಡದ ಹೆಸರು ಕೇಳಿ ನಮಗಂತೂ ಮನೆಯ ಬಾಗಿಲು ಕಂಡಂತಾಯಿತು.

ಭೂಶಿರದ ಬಾಗಿಲು

ಭೂಶಿರದ ದಾರಿಯಲ್ಲಿ ಒಂದು ಬಾಗಿಲಿದೆ. ಕೊಮಾದೊಮೆ ದ್ವಾರ, ಎಂದರೆ ಕುದುರೆಗಳನ್ನು ತಡೆಯುವ ಬಾಗಿಲು ಎಂದು ಅದರ ಹೆಸರು. ಅಲ್ಲಿ ಕಾರೊಂದಕ್ಕೆ 400 ಯೆನ್, ನಮ್ಮ ಲೆಕ್ಕದಲ್ಲಿ ಇನ್ನೂರು ಚಿಲ್ಲರೆ ರೂಪಾಯಿ, ಕುದುರೆಗಳ ರಕ್ಷಣೆಗಾಗಿ ಕೊಡಬೇಕು. ಹಣ ಕಂಡಲ್ಲಿ 'ಇದು ಯಾವ ಖಾತೆಗೆ ಜಮೆ' ಎಂದು ಕೇಳುವುದು ನಮ್ಮ ಹುದ್ದೆಯ ಚಾಳಿ. ಕುದುರೆಗಳು ಸರಕಾರದವೋ, ಪುರಸಭೆಯವೋ, ಅರಣ್ಯ ಇಲಾಖೆಯವೋ ಎಂದು ಮಗಳ ಮೂಲಕ ವಿಚಾರಿಸಿದೆವು. ಬಂದ ಉತ್ತರ ಕೇಳಿ ನಾವು ಕಾರಿನೊಳಗೇ ನೆಟ್ಟಗೆ ಕುಳಿತೆವು. ಆ ಕುದುರೆಗಳು ಒಂದು ಸಂಘದವು. 'ಮಾಕಿ ಕುಮಿಯಾಯ್', ಎಂದರೆ ಹುಲ್ಲುಗಾವಲು ಸಂಘ!

ಅದರ ಕಥೆ ಹೀಗಿದೆ. 1697ರಲ್ಲಿ ತಕನಬೆ ಸಂಸ್ಥಾನದ ಅಕಿಜುಕಿ ಮನೆತನದವರು ಸವಾರಿಗೂ ಹೇರಿಗೂ ಬೇಕಾದ ಕುದುರೆಗಳನ್ನು ಬೆಳೆಸಲು ಈ ಭೂಶಿರವನ್ನು ಕಾವಲಾಗಿ ಮಾಡಿದರು. ಮೂರು ಕಡೆ ಕಡಲು, ಒಂದು ಕಡೆ ಮಾತ್ರ ಬೇಲಿ ಸಾಕು. ನಮ್ಮ ಕಡೆ ಚಿಕ್ಕದೇವರಾಜ ಒಡೆಯರು ಬೆಣ್ಣೆಚಾವಡಿಯನ್ನು ಏರ್ಪಡಿಸಿದ್ದೂ ಅದೇ ಕಾಲಮಾನದಲ್ಲಿ. ಮುಂದೆ ಟಿಪ್ಪುವಿನ ಕಾಲಕ್ಕೆ ಅದೇ ಅಮೃತ ಮಹಲ್ ಆಯಿತು. ಅಜ್ಜಂಪುರ, ಬೀರೂರಿನ ಕಡೆಯ ಕಾವಲುಗಳನ್ನು ನೋಡಿದವರಿಗೆ ಈ ಏರ್ಪಾಡು ಹೊಸದಲ್ಲ. ಅಲ್ಲಿ ದನ, ಇಲ್ಲಿ ಕುದುರೆ.

ಸಂಸ್ಥಾನಗಳು 1871ರಲ್ಲಿ ರದ್ದಾದವು. ಒಡೆಯನಿಲ್ಲದ ಕುದುರೆಗಳ ಗತಿಯೇನು? 1874ರಲ್ಲಿ ಸುತ್ತಿನ ಹಳ್ಳಿಗರು ಕೂಡಿ ಸಂಘ ಕಟ್ಟಿ, ಕಾವಲಿನ ಕುದುರೆಗಳನ್ನು ತಮ್ಮ ವಶಕ್ಕೆ ಪಡೆದರು. ನಮ್ಮ ದೇಶದ ಮೊದಲ ಸಹಕಾರಿ ಕಾಯಿದೆ 1904ರದು. ಅದರ ಮರುವರ್ಷ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದ್ದನ್ನು ನಾವು ಪ್ರತಿ ಸಹಕಾರ ಸಪ್ತಾಹದಲ್ಲಿ ಸ್ಮರಿಸುತ್ತೇವೆ. ಅದಕ್ಕೂ ಮೂವತ್ತು ವರ್ಷ ಮೊದಲು, ಕಾಯಿದೆಯ ಬಲವಿಲ್ಲದೆ, ಒಂದು ಹಳ್ಳಿಯ ಜನ ಕುದುರೆಗಾಗಿ ಕೂಡಿದ್ದರು. ಇಂದಿಗೂ ಕುದುರೆಗಳ ಯೋಗಕ್ಷೇಮ ಆ ಸಂಘದ ಕೈಯಲ್ಲೇ ಇದೆ. 1953ರಲ್ಲಿ ಸರಕಾರ ಈ ಕುದುರೆಗಳನ್ನೂ ಅವುಗಳ ನೆಲೆಯನ್ನೂ ರಾಷ್ಟ್ರದ ನೈಸರ್ಗಿಕ ಸ್ಮಾರಕವೆಂದು ಸಾರಿತು. ಆಗಲೂ ಸಂಘ ಸಂಘವಾಗಿಯೇ ಉಳಿಯಿತು.

ಗುಡ್ಡದ ಮೇಲೆ

ಬಾಗಿಲು ದಾಟಿ ಎರಡು ತಿರುವು ಹೋಗುವಷ್ಟರಲ್ಲಿ ರಸ್ತೆಯ ನಟ್ಟನಡುವೆ ಒಂದು ಕುದುರೆ ನಿಂತಿತ್ತು. ಹಿಂದೆ ಮರಿ. ಅಳಿಯ ಹಾರ್ನ್ ಹಾಕಲಿಲ್ಲ. ಹಿಂದಿನ ಕಾರಿನವರೂ ಹಾಕಲಿಲ್ಲ. ಕುದುರೆ ನಮ್ಮನ್ನು ಒಮ್ಮೆ ನೋಡಿ, ಮಹಾಸಭೆಯಲ್ಲಿ ಹಳೆಯ ಸದಸ್ಯರು ಕಾರ್ಯದರ್ಶಿಯನ್ನು ನೋಡುವಂತೆ ನೋಡಿ, ನಿಧಾನವಾಗಿ ಬದಿಗೆ ಸರಿಯಿತು.

ಕೊಮಾತ್ಸು ಗುಡ್ಡ ಎಂಬಲ್ಲಿ ಕಾರು ನಿಲ್ಲಿಸಿ ಹತ್ತಿದೆವು. ನಮ್ಮ ಕುದುರೆಮುಖದ ಬೋಳುಗುಡ್ಡಗಳನ್ನು ತಂದು ಕಡಲೊಳಗೆ ಇಳಿಸಿದರೆ ಹೇಗೋ ಹಾಗೆ. ಪೂರ್ವಕ್ಕೆ ಹ್ಯೂಗಾ ಕಡಲು, ಪಶ್ಚಿಮಕ್ಕೆ ಶಿಬುಶಿ ಕೊಲ್ಲಿ. ಹುಲ್ಲು ಕತ್ತರಿ ಹಾಕಿದಂತೆ ಗಿಡ್ಡ. ಅಷ್ಟನ್ನೂ ಕತ್ತರಿಸಿದ್ದು ಕುದುರೆಯ ಹಲ್ಲು. ಗುಡ್ಡದ ತುಂಬ ಅಲ್ಲಲ್ಲಿ ನಾಲ್ಕು, ಆರು, ಎಂಟರ ಗುಂಪುಗಳು ಮೇಯುತ್ತಿದ್ದವು. ಒಟ್ಟು ನೂರರ ಮೇಲೆ ಕುದುರೆಗಳಿವೆ. ಭೂಶಿರದ ವಿಸ್ತಾರ ಸುಮಾರು 550 ಹೆಕ್ಟೇರು, ಎಂದರೆ ಹದಿಮೂರು ನೂರು ಎಕರೆಗೆ ಮಿಕ್ಕಿ.

ಕುದುರೆ ಎಂದರೆ ನಮ್ಮ ಕಣ್ಣಿಗೆ ಕುಣಿಗಲ್ಲಿನ ಎತ್ತರದ ಪಂದ್ಯದ ಕುದುರೆಯೇ ಬರುತ್ತದೆ. ಇವು ಹಾಗಲ್ಲ. ಎತ್ತರ 130 ಸೆಂಟಿಮೀಟರಿನ ಆಸುಪಾಸು, ನಾಲ್ಕೂಕಾಲು ಅಡಿ. ತಲೆ ದೊಡ್ಡದು, ಕಾಲು ಗಿಡ್ಡ, ಹೊಟ್ಟೆ ಅಗಲ, ಬಣ್ಣ ಹೆಚ್ಚಿನವಕ್ಕೆ ಕಂದು. ಜಪಾನಿನಲ್ಲಿ ಉಳಿದಿರುವ ನಾಟಿ ಕುದುರೆಯ ತಳಿಗಳು ಎಂಟೇ ಎಂಟು. ಮಿಸಾಕಿ ಕುದುರೆ ಅವುಗಳಲ್ಲಿ ಒಂದು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಸೈನ್ಯಕ್ಕೆ ದೊಡ್ಡ ಕುದುರೆ ಬೇಕೆಂದು ದೇಶದ ತುಂಬ ಪಶ್ಚಿಮದ ತಳಿಗಳೊಡನೆ ಬೆರಕೆ ಮಾಡಿದ್ದರಿಂದ ನಾಟಿ ತಳಿಗಳು ಬಹುಪಾಲು ಅಳಿದುಹೋದವು. ಮಲೆನಾಡು ಗಿಡ್ಡ ಹಸುವಿಗೆ ನಮ್ಮ ಕೊಟ್ಟಿಗೆಗಳಲ್ಲಿ ಏನಾಯಿತೋ ಅದೇ ಕಥೆ. ಹಾಲಿನ ಲೆಕ್ಕ ಹಾಕಿ ಗಿಡ್ಡವನ್ನು ಹೊರಗಟ್ಟಿದವರು ನಾವೇ, ಈಗ ಅದರ ತುಪ್ಪ ಸಿಗುವುದಿಲ್ಲವೆಂದು ಹುಡುಕುವವರೂ ನಾವೇ.

ಕುದುರೆಗಳ ಸಂಸಾರದ ಕ್ರಮವನ್ನು ಗುಡ್ಡದ ಮೇಲೆ ಕುಳಿತೇ ಕಾಣಬಹುದು. ಒಂದು ಬಲಿತ ಗಂಡು, ಅದರೊಡನೆ ಕೆಲವು ಹೆಣ್ಣು, ಅವುಗಳ ಮರಿಗಳು. ಪ್ರಾಯಕ್ಕೆ ಬಂದ ಗಂಡುಮರಿಗಳು ಮನೆ ಬಿಟ್ಟು ಹೋಗಬೇಕು. ಮರಿ ಹಾಕುವ ಕಾಲ ವಸಂತ. ನಾವು ಹೋದಾಗ ಎಳೆಯ ಮರಿಗಳು ತಾಯಂದಿರ ನೆರಳಿನಲ್ಲೇ ಕಾಲು ಚಾಚಿ ಮಲಗಿದ್ದವು. ಇವಕ್ಕೆ ಯಾರೂ ಮೇವು ಹಾಕುವುದಿಲ್ಲ, ಲಾಳ ಕಟ್ಟುವುದಿಲ್ಲ, ಮಳೆಗೂ ಬಿರುಗಾಳಿಗೂ ಕಾಡಿನ ಮರೆಯೇ ಲಾಯ. ಚಳಿಗಾಲದಲ್ಲಿ ಹುಲ್ಲು ಒಣಗಿದಾಗ ಪಕ್ಕೆಲುಬು ಕಾಣುವಷ್ಟು ಸೊರಗುತ್ತವೆ, ವಸಂತದಲ್ಲಿ ಮತ್ತೆ ತುಂಬಿಕೊಳ್ಳುತ್ತವೆ.

ಮೊಮ್ಮಗನ ಕೈಯಲ್ಲಿ ಒಂದು ಬಾಳೆಹಣ್ಣಿತ್ತು. ನಾವು ಕಡಲು ನೋಡುತ್ತ ಮೈಮರೆತ ಕ್ಷಣದಲ್ಲಿ ಅವನು ಒಂದು ಮರಿಯ ಕಡೆ ಹೊರಟೇಬಿಟ್ಟಿದ್ದ. ತಾಯಿಕುದುರೆ ಕಿವಿ ಹಿಂದಕ್ಕೆ ಮಡಿಸಿತು. ಅದರ ಹಿಂಗಾಲು ಹುಡುಗನ ಎದೆಯ ಎತ್ತರಕ್ಕಿತ್ತು. ನಮ್ಮ ಬಾಯಿಂದ ಸದ್ದೇ ಹೊರಡಲಿಲ್ಲ. ಅಷ್ಟರಲ್ಲಿ ಕೆಳಗಿನಿಂದ ಒಂದು ಗಟ್ಟಿ ದನಿ ಬಂತು, ಸಿಟ್ಟಿನ ದನಿಯಲ್ಲ, ಕೊಟ್ಟಿಗೆಯಲ್ಲಿ ದನಗಳನ್ನು ಮಾತಾಡಿಸುವ ದನಿ. ಹುಡುಗ ನಿಂತ. ಕುದುರೆ ಮರಿಯನ್ನು ಕರೆದುಕೊಂಡು ಹತ್ತು ಹೆಜ್ಜೆ ಆಚೆ ಹೋಯಿತು. ಮಗಳು ಓಡಿ ಹೋಗಿ ಅವನನ್ನು ಅಪ್ಪಿಕೊಂಡಳು. ನಮ್ಮ ಮನೆಯವರು ಮಂಜುನಾಥನಿಗೆ ಅಲ್ಲಿಂದಲೇ ಒಂದು ಹರಕೆ ಹೊತ್ತರು. ಹಿಂದಿನಿಂದ ಹೋಗಬಾರದು, ಹತ್ತಿರ ಹೋಗಬಾರದು, ತಿನ್ನಲು ಕೊಡಬಾರದು ಎಂದು ದ್ವಾರದಲ್ಲೇ ಹೇಳಿದ್ದರು. ಹುಡುಗನನ್ನು ಬೈಯುವ ಅಧಿಕಾರ ನಮಗಿರಲಿಲ್ಲ. ಬಾಳೆಹಣ್ಣು ಕೈಗೆ ಕೊಟ್ಟವರು ನಾವೇ.

ಸಂಘದ ಒಬ್ಬ ಸದಸ್ಯ

ಕೂಗಿದವರು ಸಂಘದ ಒಬ್ಬ ಸದಸ್ಯರು. ಎಪ್ಪತ್ತರ ಆಸುಪಾಸು, ತಲೆಗೆ ಟವಲು, ಕಾಲಿಗೆ ಗಂಬೂಟು, ಕೈಯಲ್ಲಿ ಕತ್ತಿ. ಬೇಲಿಯ ಕೆಲಸಕ್ಕೆ ಬಂದವರು. ತಪ್ಪಾಯಿತೆಂದು ಕೈಮುಗಿದೆವು. ಅವರು ತಲೆಬಾಗಿದರು, ನಾವೂ ಬಾಗಿದೆವು, ಅವರು ಮತ್ತೆ ಬಾಗಿದರು. ಇದು ಮುಗಿಯುವ ಲಕ್ಷಣ ಕಾಣದೆ ನಮ್ಮ ಮನೆಯವರು ಫ್ಲಾಸ್ಕು ತೆರೆದು ಒಂದು ಲೋಟ ಕಾಫಿ ಮುಂದೆ ಹಿಡಿದರು. ಒಂದು ಗುಟುಕು ಕುಡಿದು ಅವರು ಮಗಳಿಗೆ ಏನೋ ಹೇಳಿದರು. 'ಇದು ಕಾಫಿಯೋ ಪಾಯಸವೋ ಎಂದು ಕೇಳುತ್ತಿದ್ದಾರೆ ಅಪ್ಪಯ್ಯ' ಎಂದಳು. ಆದರೂ ಲೋಟ ಖಾಲಿ ಮಾಡಿ ಇನ್ನರ್ಧ ಕೇಳಿ ಹಾಕಿಸಿಕೊಂಡರು. ನಮ್ಮ ತೋಟದ ಕಾಫಿ ಎಂದು ಹೇಳಿದಾಗ ಅವರ ಮುಖದ ಭಾವವೇ ಬದಲಾಯಿತು. ಅವರೂ ಗೆಣಸು ಬೆಳೆಯುವವರು. ಆಮೇಲೆ ಮಾತು ಬೇಸಾಯಗಾರರ ಮಾತಾಯಿತು.

ಸಂಘದ ಕೆಲಸವೇನೆಂದು ಕೇಳಿದೆವು. ಕುದುರೆಗಳು ತಮ್ಮಷ್ಟಕ್ಕೆ ಮೇಯುವಾಗ ಸಂಘವೇಕೆ ಎಂಬುದು ನಮ್ಮ ಅನುಮಾನ. ಅವರು ಬೆರಳು ಮಡಿಸುತ್ತ ಹೇಳಿದರು. ಬೇಲಿ ನೋಡಬೇಕು. ಶರತ್ಕಾಲದಲ್ಲಿ ಒಂದು ದಿನ ಎಲ್ಲರೂ ಸೇರಿ ಗುಡ್ಡ ಗುಡ್ಡಗಳಿಂದ ಕುದುರೆಗಳನ್ನು ಅಟ್ಟಿಕೊಂಡು ಬಂದು ದೊಡ್ಡಿಗೆ ಸೇರಿಸಬೇಕು. ಉಣ್ಣೆ ತೆಗೆಯಬೇಕು, ಆರೋಗ್ಯ ಪರೀಕ್ಷೆ ಮಾಡಿಸಬೇಕು. 2011ರಲ್ಲಿ ಕುದುರೆಗಳ ರಕ್ತಹೀನತೆಯ ಅಂಟುರೋಗ ಈ ಹಿಂಡಿನಲ್ಲಿ ಪತ್ತೆಯಾಗಿತ್ತು. ಮದ್ದಿಲ್ಲದ ರೋಗ, ಸೋಂಕಿದವನ್ನು ಕೊಲ್ಲದೆ ಗತ್ಯಂತರವಿರಲಿಲ್ಲ. ಇನ್ನು ಚಳಿಗಾಲ ಮುಗಿಯುವ ಮುನ್ನ ಹುಲ್ಲುಗಾವಲನ್ನು ಕ್ರಮವಾಗಿ ಸುಡಬೇಕು. ಸುಡದಿದ್ದರೆ ಪೊದೆ ಬೆಳೆಯುತ್ತದೆ, ಪೊದೆಯ ಹಿಂದೆ ಮರ ಬರುತ್ತದೆ, ಹುಲ್ಲು ಹೋಗುತ್ತದೆ, ಹುಲ್ಲಿನೊಡನೆ ಕುದುರೆಯೂ ಹೋಗುತ್ತದೆ. ಸುಡುವುದಕ್ಕೂ ಒಬ್ಬಿಬ್ಬರು ಸಾಲದು. ಗಾಳಿ ನೋಡಬೇಕು, ಅಂಚು ಸವರಬೇಕು, ನೀರು ಹೊತ್ತು ಸಾಲಾಗಿ ನಿಲ್ಲಬೇಕು.

'ಕೆಲಸಕ್ಕೆ ಜನ ಬರುತ್ತಾರೆಯೇ?' ಎಂದು ಕೇಳಿದೆವು. ಇದು ಕಾರ್ಯದರ್ಶಿಯ ಪ್ರಶ್ನೆ. ಅವರು ಕಡಲಿನ ಕಡೆ ನೋಡಿ, ಬರುವವರಿಗೆಲ್ಲ ವಯಸ್ಸಾಯಿತು ಎಂದರು. ಆ ಪುರಸಭೆಯ ಜನಸಂಖ್ಯೆ 2020ರ ಗಣತಿಯಲ್ಲಿ ಹದಿನೇಳು ಸಾವಿರದ ಒಳಗೆ ಬಂದಿದೆ. ಎಳೆಯರು ನಗರ ಸೇರಿದ್ದಾರೆ. ತಮ್ಮ ಮಗ ಒಸಾಕಾದಲ್ಲಿದ್ದಾನೆ, ಗುಡ್ಡ ಸುಡುವ ದಿನಕ್ಕೆ ಮಾತ್ರ ರಜೆ ಹಾಕಿ ಬರುತ್ತಾನೆ, ಮುಂದಿನ ವರ್ಷ ಬರುತ್ತಾನೋ ಇಲ್ಲವೋ ಕೇಳಿಲ್ಲ, ಕೇಳಲು ಹೆದರಿಕೆ ಎಂದರು. ಇದನ್ನು ಕನ್ನಡಕ್ಕೆ ಹೇಳುವಾಗ ಮಗಳ ಮಾತು ಅರ್ಧಕ್ಕೇ ನಿಂತಿತು. ಅವಳು ನಮಗೆ ಒಬ್ಬಳೇ ಮಗಳು. ತೋಟದ ಮುಂದಿನ ವಿಚಾರವನ್ನು ನಾವೂ ಅವಳೂ ಇದುವರೆಗೆ ಬಾಯಿಬಿಟ್ಟು ಆಡಿದವರಲ್ಲ. ಫೋನಿನಲ್ಲಿ ಮಳೆಯ ಇಂಚು, ಧಾರಣೆ, ಹಸು ಕರು ಹಾಕಿದ್ದು, ಇಷ್ಟರಲ್ಲೇ ಮುಗಿಸುತ್ತೇವೆ.

ಅವರು ಹೊರಟ ಮೇಲೆ ಮೊಮ್ಮಗ, 'ಅಜ್ಜಯ್ಯ, ಹಾಗಾದರೆ ಈ ಕುದುರೆಗಳು ಕಾಡಿನವೋ ಸಾಕಿದವೋ?' ಎಂದು ಕೇಳಿದ. ನಮಗೆ ಚಟ್ಟನೆ ಉತ್ತರ ಹೊಳೆಯಲಿಲ್ಲ. ಕುದುರೆಯ ಮಟ್ಟಿಗೆ ಅದು ಕಾಡಿನದೇ. ಆದರೆ ಅದು ಹಾಗಿರುವುದಕ್ಕೆ ಒಂದಷ್ಟು ಜನ ನೂರೈವತ್ತು ವರ್ಷಗಳಿಂದ ಬೇಲಿ ಕಟ್ಟುತ್ತಲೇ ಇದ್ದಾರೆ.

ದೀಪಸ್ತಂಭದಿಂದ

ಊಟ ಮುಗಿಸಿ ಭೂಶಿರದ ತುದಿಯ ದೀಪಸ್ತಂಭಕ್ಕೆ ಹೋದೆವು. 1929ರಲ್ಲಿ ಹೊತ್ತಿಸಿದ ದೀಪ. ಪ್ರವಾಸಿಗರು ಒಳಗಿನಿಂದ ಹತ್ತಬಹುದು. ಇದೇ ಭೂಶಿರದಲ್ಲಿ ಸೋತೆತ್ಸು ಎಂಬ ಸೈಕಸ್ ಜಾತಿಯ ಗಿಡಗಳೂ ತಾವಾಗಿ ಬೆಳೆಯುತ್ತವೆ; ತಾಳೆಯಂತೆ ಕಂಡರೂ ತಾಳೆಯಲ್ಲ. ಆ ನೆಲೆಗೂ ಪ್ರತ್ಯೇಕ ರಕ್ಷಣೆಯಿದೆ.

ಮೇಲಿನಿಂದ ನೋಡುವಾಗ ಅಳಿಯ ಒಂದು ವಿಷಯ ಹೇಳಿದರು. 1970ರ ದಶಕದ ಮೊದಲಲ್ಲಿ ಜಪಾನಿನ ನವದಂಪತಿಗಳಿಗೆ ಮಿಯಾಜಾಕಿಯೇ ಮಧುಚಂದ್ರದ ಊರಾಗಿತ್ತಂತೆ. 1974ರ ಸುಮಾರಿಗೆ ದೇಶದ ಹೊಸ ಜೋಡಿಗಳಲ್ಲಿ ಮೂರರಲ್ಲೊಂದು ಅಲ್ಲಿಗೇ ಬರುತ್ತಿತ್ತು. ಈ ಭೂಶಿರದಲ್ಲೂ ಹೋಟೆಲುಗಳು ಎದ್ದವು. ಆಮೇಲೆ ಜನ ಹವಾಯಿ, ಗುವಾಮ್ ಎಂದು ವಿಮಾನ ಹತ್ತಿದರು, ಹೋಟೆಲುಗಳು ಮುಚ್ಚಿದವು. ಸಂಸ್ಥಾನ ಹೋಯಿತು, ಸೈನ್ಯದ ಕುದುರೆದಳ ಹೋಯಿತು, ಮಧುಚಂದ್ರದ ಜೋಡಿಗಳೂ ಹೋದರು. ಉಳಿದದ್ದು ಕುದುರೆ, ಹುಲ್ಲು ಮತ್ತು ವರ್ಷಕ್ಕೆ ಕೆಲವು ದಿನ ಒಟ್ಟಿಗೆ ಬರುವ ಹಳ್ಳಿಗರು.

ನಮ್ಮ ಬೆಟ್ಟದ ವಿಷಯ

ಈಗ ನಮ್ಮೂರಿಗೆ ಬರೋಣ. ಮರೆಮಾಚಿ ಪ್ರಯೋಜನವಿಲ್ಲ. ಹಿಂದೆ ನಮ್ಮಲ್ಲಿ ಸಂಕ್ರಾಂತಿಯ ಸುಮಾರಿಗೆ ಮನೆಗೊಂದಾಳು ಬಂದು ಸೊಪ್ಪಿನಬೆಟ್ಟದ ಅಂಚಿನಲ್ಲಿ ಬೆಂಕಿ ರೇಖೆ ಸವರುವ ಪದ್ಧತಿಯಿತ್ತು. ಬೆಳಿಗ್ಗೆ ಕೆಲಸ, ಮಧ್ಯಾಹ್ನ ಒಬ್ಬರ ಮನೆಯಲ್ಲಿ ಊಟ. ಕ್ರಮೇಣ ಆಳು ಸಿಗದಾಯಿತು, ಮಕ್ಕಳು ಬೆಂಗಳೂರು ಸೇರಿದರು, 'ನನ್ನ ಬೆಟ್ಟ ನಾನು ನೋಡಿಕೊಳ್ಳುತ್ತೇನೆ' ಎಂಬ ಮಾತು ಬಂತು, ಪದ್ಧತಿ ನಿಂತಿತು. ಎರಡು ವರ್ಷದ ಹಿಂದೆ ಈ ವಿಷಯವನ್ನು ಆಡಳಿತ ಮಂಡಳಿಯ ಮುಂದೆ ಇಟ್ಟವರು ನಾವು. ಒಪ್ಪಿಗೆಯೂ ಸಿಕ್ಕಿತು. ಸೂಚನಾಪತ್ರ ಬರೆದು, ಕೊಯ್ಲು ಮುಗಿಯಲೆಂದು ಮೇಜಿನ ಖಾನೆಯಲ್ಲಿ ಇಟ್ಟವರೂ ನಾವೇ. ಫೆಬ್ರವರಿಯ ಒಂದು ಮಧ್ಯಾಹ್ನ ಬೆಟ್ಟಕ್ಕೆ ಬೆಂಕಿ ಬಿತ್ತು. ಒಬ್ಬ ಸದಸ್ಯರ ಒಂದೂವರೆ ಎಕರೆ ರೋಬಸ್ಟಾ ಮೆಣಸಿನ ಬಳ್ಳಿಗಳೊಡನೆ ಕಮರಿತು. ಇನ್ನೊಬ್ಬರ ತೋಟದಂಚಿನ ಎರಡು ಸಾಲು ಅಡಿಕೆ ಮರ, ನೀರಿನ ಪೈಪು ಸಮೇತ ಹೋಯಿತು. ಆ ಸದಸ್ಯರು ನಮಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಹಗುರವಾಗುತ್ತಿತ್ತು. ಆ ಸೂಚನಾಪತ್ರ ಇಂದಿಗೂ ಖಾನೆಯಲ್ಲಿದೆ.

ಭೂಶಿರದ ಗುಡ್ಡದ ಮೇಲೆ ಆ ಹಿರಿಯರು ಬೆರಳು ಮಡಿಸಿ ಕೆಲಸಗಳನ್ನು ಎಣಿಸುವಾಗ ನಮಗೆ ಕಂಡದ್ದು ಆ ಖಾನೆ. ಅವರ ಸಂಘದಲ್ಲೂ ಜನ ಕಡಿಮೆ, ವಯಸ್ಸು ಹೆಚ್ಚು, ಎಳೆಯರು ದೂರ. ನಮ್ಮ ಕಷ್ಟಗಳಲ್ಲಿ ಅವರಿಗಿಲ್ಲದ್ದು ಒಂದೂ ಇಲ್ಲ. ಅಡಿಕೆಗೆ ಧಾರಣೆಯಿದೆ, ಕಾಫಿಗೆ ಕೊಳ್ಳುವವರಿದ್ದಾರೆ. ಅವರ ಕುದುರೆಗೆ ಈಗ ಧಾರಣೆಯೇ ಇಲ್ಲ, ಸವಾರಿಗೂ ಬಾರದು, ಹೇರಿಗೂ ಬೇಡ. ಆದರೂ ಗೊತ್ತಾದ ದಿನಕ್ಕೆ ಗುಡ್ಡಕ್ಕೆ ಬರುತ್ತಾರೆ. ನಮ್ಮ ಬೆಟ್ಟವಾದರೋ ತೋಟದ ಸೊಪ್ಪು, ನೀರು, ನೆರಳು ಎಲ್ಲವೂ ಅದೇ. ಬೆಂಕಿಗೆ ಸರ್ವೆ ನಂಬರು ಗೊತ್ತಿಲ್ಲ. ಒಬ್ಬೊಬ್ಬರು ತಮ್ಮ ತಮ್ಮ ತುಂಡನ್ನು ಸವರಿದರೆ ಅದು ರೇಖೆಯಾಗುವುದಿಲ್ಲ.

ಆದ್ದರಿಂದ ಈ ಬರುವ ಜನವರಿಯ ಎರಡನೆಯ ಭಾನುವಾರ ಬೆಂಕಿ ರೇಖೆಯ ದಿನವೆಂದು ಆಡಳಿತ ಮಂಡಳಿ ಗೊತ್ತುಮಾಡಿದೆ. ಮನೆಗೊಬ್ಬರು ಕತ್ತಿಯೊಡನೆ ಬೆಳಿಗ್ಗೆ ಏಳು ಗಂಟೆಗೆ ಸಂಘದ ಗೋದಾಮಿನ ಮುಂದೆ ಸೇರಬೇಕು. ಕೊಯ್ಲಿನ ಕಾಲ, ಆಳಿನ ಅಭಾವ, ಎಲ್ಲವನ್ನೂ ಬಲ್ಲೆವು; ನಮ್ಮ ತೋಟದಲ್ಲೂ ಆ ದಿನ ಹಣ್ಣು ಗಿಡದ ಮೇಲೆಯೇ ಇರುತ್ತದೆ. ಬರಲಾಗದ ವೃದ್ಧರು ಮಜ್ಜಿಗೆ ಕಳಿಸಿದರೆ ಸಾಕು. ಕಳೆದ ಸಲ ನಷ್ಟವಾದ ಇಬ್ಬರು ಸದಸ್ಯರ ಗಡಿಯಿಂದಲೇ ಕೆಲಸ ಶುರು. ಊಟ ನಮ್ಮ ಮನೆಯಲ್ಲಿ.

ಭೂಶಿರದಿಂದ ಮರಳುವಾಗ ಕತ್ತಲಾಗಿತ್ತು. ಮೊಮ್ಮಗ ಅಜ್ಜಿಯ ತೊಡೆಯ ಮೇಲೆ ನಿದ್ದೆ ಹೋಗಿದ್ದ. ಬಹಳ ಹೊತ್ತು ಸುಮ್ಮನಿದ್ದ ಮಗಳು, 'ಅಪ್ಪಯ್ಯ, ರೇಖೆ ಸವರುವುದು ಯಾವ ತಿಂಗಳು?' ಎಂದು ಕೇಳಿದಳು. ಜನವರಿ ಎಂದೆವು. ರಜೆ ಕೇಳಿ ನೋಡುತ್ತೇನೆ ಎಂದಳು. ಅದಕ್ಕಿಂತ ಹೆಚ್ಚು ಅವಳೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಟಿಕೇಟು ಕೈಗೆ ಬರುವ ತನಕ ನಂಬುವ ಜಾತಿ ನಮ್ಮದಲ್ಲ. ಆದರೂ ಊರಿಗೆ ಬಂದವರೇ ಅಟ್ಟದ ಮೇಲಿದ್ದ ಇನ್ನೊಂದು ಕತ್ತಿಯನ್ನು ಇಳಿಸಿ, ಹಿಡಿ ಹಾಕಿಸಿ ಇಟ್ಟಿದ್ದೇವೆ.